ಪರದೆಯ ಮುಂದೆ ಭಾವೀ ಶಸ್ತ್ರವೈದ್ಯ

ವೈದ್ಯಪದವಿ ಪಡೆದ ಮಗನನ್ನೋ ಮಗಳನ್ನೋ ಉನ್ನತ ತರಬೇತಿಗಾಗಿ ಅಮೆರಿಕಕ್ಕೆ ಕಳುಹಿಸುವ ಹಂಬಲವುಳ್ಳ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಅಂಥ ಮನೆಗಳಲ್ಲಿ ಚಳಿಗಾಲದ ಸಂಜೆ ಹೊಸದೊಂದು ದೃಶ್ಯ ಕಾಣಬರುತ್ತಿದೆ. ಆರೂವರೆಗೆ ಮಗ ಕೋಟು ತೊಟ್ಟು, ಕೋಣೆಯ ಬಾಗಿಲಿಕ್ಕಿಕೊಂಡು ಗಣಕಯಂತ್ರದ ಮುಂದೆ ಕೂಡುತ್ತಾನೆ. ಅಮೆರಿಕದ ಪೂರ್ವತೀರದಲ್ಲಿ ಆಗ ಬೆಳಗಿನ ಎಂಟು ಗಂಟೆ. ಪಶ್ಚಿಮತೀರದ ಆಸ್ಪತ್ರೆಯಾದರೆ ಇಲ್ಲಿ ರಾತ್ರಿ ಒಂಬತ್ತೂವರೆ. ಅಡುಗೆಮನೆಯಲ್ಲಿ ಮಿಕ್ಸಿ ನಿಲ್ಲುತ್ತದೆ; ಕರೆಂಟು ಹೋಗದಿರಲಿ ಎಂದು ತಾಯಿ ಮನದಲ್ಲೇ ಪ್ರಾರ್ಥಿಸುತ್ತಾಳೆ.

ಅಲ್ಲಿ ಸಾಮಾನ್ಯ ಶಸ್ತ್ರಚಿಕಿತ್ಸೆಯ ತರಬೇತಿ ಐದು ವರ್ಷಗಳದು. ಸಂದರ್ಶನಗಳು ಮುಗಿದ ಮೇಲೆ ಅಭ್ಯರ್ಥಿಯು ತನಗೆ ಒಪ್ಪಿದ ಆಸ್ಪತ್ರೆಗಳನ್ನೂ, ಆಸ್ಪತ್ರೆಯು ತನಗೆ ಒಪ್ಪಿದ ಅಭ್ಯರ್ಥಿಗಳನ್ನೂ ಕ್ರಮವಾಗಿ ಪಟ್ಟಿಮಾಡಿ ಕೊಡಬೇಕು. ಎರಡನ್ನೂ ಹೊಂದಿಸಿ ಮಾರ್ಚ್ ತಿಂಗಳಲ್ಲಿ ಫಲಿತಾಂಶ ಪ್ರಕಟವಾಗುತ್ತದೆ. ‘ಮ್ಯಾಚ್’ ಎಂಬ ಈ ಪದ್ಧತಿ 1952ರಿಂದ ನಡೆದುಬಂದಿದೆ. ಹಿಂದೆ ಅಭ್ಯರ್ಥಿಯು ಸ್ವಂತ ಖರ್ಚಿನಲ್ಲಿ ಊರಿಂದೂರಿಗೆ ವಿಮಾನದಲ್ಲಿ ಅಲೆಯಬೇಕಿತ್ತು. ನಮ್ಮವರಿಗಂತೂ ಮೊದಲು ವೀಸಾ ದೊರೆಯಬೇಕು. ಅದು ದೊರೆಯದಿದ್ದರೆ ಬಂದ ಕರೆಯೂ ವ್ಯರ್ಥ. 2020ರ ಮೇ ತಿಂಗಳಲ್ಲಿ, ಕೋವಿಡ್ ನಿಮಿತ್ತವಾಗಿ, ಸಂದರ್ಶನಗಳನ್ನೆಲ್ಲ ಪರದೆಯ ಮೇಲೆಯೇ ನಡೆಸಬೇಕೆಂಬ ಸಲಹೆ ಅಲ್ಲಿನ ವೈದ್ಯಶಿಕ್ಷಣ ಸಂಸ್ಥೆಗಳಿಂದ ಹೊರಟಿತು. ರೋಗ ತಗ್ಗಿದರೂ ಪದ್ಧತಿ ಬಹುಮಟ್ಟಿಗೆ ಉಳಿಯಿತು. ಆದರೆ ಕೆಲವು ಶಸ್ತ್ರಚಿಕಿತ್ಸಾ ವಿಭಾಗಗಳು ಅಭ್ಯರ್ಥಿಗಳನ್ನು ಮತ್ತೆ ಎದುರಿಗೇ ಕರೆಸಿಕೊಳ್ಳುತ್ತಿವೆ.

ಹಿರಿಯ ಶಸ್ತ್ರವೈದ್ಯರ ಅಸಮಾಧಾನವನ್ನು ನಾವು ಅಲ್ಲಗಳೆಯುವುದಿಲ್ಲ. ಹಿಂದಿನ ರಾತ್ರಿಯ ಊಟದಲ್ಲಿ ಆತ ಹೇಗೆ ಬೆರೆತ, ದಾದಿಯನ್ನು ಯಾವ ದನಿಯಲ್ಲಿ ಮಾತನಾಡಿಸಿದ ಎಂಬುದು ಪರದೆಯಲ್ಲಿ ತಿಳಿಯದು. ಆದರೆ ಎದುರು ಕುಳಿತ ಮಾತ್ರಕ್ಕೆ ಕೈಯ ಹದ ಗೊತ್ತಾದೀತೆ? ಆ ಹದ ಒದಗುವುದು ತರಬೇತಿಯಲ್ಲಿಯೇ. ನಿಲುವು, ಉಡುಪು, ಉಚ್ಚಾರಣೆಗಳು ಎದುರಿನ ಭೇಟಿಯಲ್ಲಿ ಮರುಳುಗೊಳಿಸುವುದೂ ಉಂಟು. (ಮನೆಗೆ ಕನ್ಯೆ ನೋಡಲು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಎಲ್ಲರಿಗೂ ಅವೇ ಪ್ರಶ್ನೆಗಳನ್ನು ಕೇಳಿ, ಉತ್ತರಕ್ಕೆ ಮೊದಲೇ ಗೊತ್ತುಪಡಿಸಿದ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನ ಮನಬಂದ ಹರಟೆಗಿಂತ ಹೆಚ್ಚು ನಂಬಲರ್ಹ. ಇದನ್ನು ಪರದೆಯಲ್ಲಿಯೂ ನಡೆಸಬಹುದು.

ಪ್ರಯಾಣ ತಪ್ಪಿದ್ದರಿಂದ ಇನ್ನೊಂದು ತೊಡಕು ಹುಟ್ಟಿತು. ಹೆಚ್ಚು ಅಂಕದವರು ಬಂದ ಕರೆಗಳನ್ನೆಲ್ಲ ಒಪ್ಪಿಕೊಳ್ಳತೊಡಗಿದರೆ ಉಳಿದವರಿಗೆ ಕರೆ ದೊರೆಯುವುದು ಕಷ್ಟ. ತನಗೆ ನಿಜವಾಗಿ ಬೇಕಾದ ಕೆಲವೇ ಆಸ್ಪತ್ರೆಗಳಿಗೆ ಅರ್ಜಿಯಲ್ಲಿಯೇ ಒಲವಿನ ಸೂಚನೆ ಕಳುಹಿಸುವ ಏರ್ಪಾಡು ಬಂದಿತು. ಕಿವಿ-ಮೂಗು-ಗಂಟಲಿನ ವಿಭಾಗ ಇದನ್ನು ಮೊದಲು ಕೈಗೊಂಡಿತು.

ನಮ್ಮ ದೃಷ್ಟಿಯಲ್ಲಿ ನಿಜವಾದ ನಷ್ಟ ಆಸ್ಪತ್ರೆಯದಲ್ಲ, ಅಭ್ಯರ್ಥಿಯದು. ವಾರಕ್ಕೆ 80 ಗಂಟೆಗಳವರೆಗೆ ದುಡಿಯುತ್ತ ಐದು ವರ್ಷ ಕಳೆಯಬೇಕಾದ ಮನೆಯನ್ನು ಅವನು ಕಣ್ಣಾರೆ ಕಂಡಿಲ್ಲ. ಕಿರಿಯರು ಬಳಲಿ ಬಾಡಿದ್ದಾರೆಯೋ, ಹಿರಿಯರು ಅವರೊಡನೆ ಮನಸ್ಸಿಟ್ಟು ಮಾತನಾಡುತ್ತಾರೆಯೋ ಎಂಬುದು ಆಸ್ಪತ್ರೆಯವರೇ ತೆಗೆಯಿಸಿದ ಚಿತ್ರದಲ್ಲಿ ಕಾಣಿಸದು. ನಮ್ಮ ನಾಡಿನಲ್ಲಿ ಎಂ.ಎಸ್. ಸೇರುವವರಿಗೆ ಸಂದರ್ಶನವೇ ಇಲ್ಲ. ನೀಟ್-ಪಿಜಿ ಶ್ರೇಣಿ ಹೇಳಿದಂತೆ ಸೀಟು. ಶಿಫಾರಸಿಗೆ ಎಡೆಯಿಲ್ಲದ್ದು ಒಳ್ಳೆಯದೇ. ಆದರೆ ಇಲ್ಲಿಯೂ ವಿಭಾಗದ ಬಾಗಿಲನ್ನು ಒಮ್ಮೆಯೂ ಕಾಣದೆ ಮೂರು ವರ್ಷಗಳಿಗೆ ಒಪ್ಪಿಕೊಳ್ಳುವವರಿದ್ದಾರೆ.

ಆದ್ದರಿಂದ ಆಯ್ಕೆಯ ಸಂದರ್ಶನ ಎಲ್ಲರಿಗೂ ಪರದೆಯಲ್ಲಿಯೇ ಆಗಲಿ; ಆಸ್ಪತ್ರೆ ತನ್ನ ಪಟ್ಟಿಯನ್ನು ಒಪ್ಪಿಸಿದ ಬಳಿಕ, ಇಷ್ಟವಿದ್ದವರು ಹೋಗಿ ನೋಡಿಬರಲಿ. ಕೆಲವೆಡೆ ಹೀಗೆಯೇ ನಡೆಯುತ್ತಿದೆ. ಆಗ ಹೋಗಲಾರದವನಿಗೆ ಅನ್ಯಾಯವಾಗದು. ಇಲ್ಲಿಂದ ಹೋಗುವ ಅನುಕೂಲವಿಲ್ಲದ ನಮ್ಮ ಮಕ್ಕಳು ಆ ಆಸ್ಪತ್ರೆಯಲ್ಲಿ ಕಲಿತ ಹಿರಿಯರನ್ನು ದೂರವಾಣಿಯಲ್ಲಾದರೂ ವಿಚಾರಿಸಬೇಕು. ಸಂದರ್ಶನದ ಕೊನೆಗೆ ‘ನಿಮ್ಮ ಪ್ರಶ್ನೆಗಳೇನಾದರೂ ಇವೆಯೇ?’ ಎಂದು ಅವರೇ ಕೇಳುತ್ತಾರೆ. ಆಗ ನಾಚಿ ಸುಮ್ಮನಾಗದೆ, ರಾತ್ರಿ ಎರಡು ಗಂಟೆಗೆ ಕಿರಿಯ ವೈದ್ಯ ಕರೆದರೆ ಹಿರಿಯರು ಬರುತ್ತಾರೆಯೇ ಎಂದು ಕೇಳಿಬಿಡಲಿ.