ಮುಳ್ಳು ಬಿಳಿ, ಡಯಲ್ ಕಂದು

1960ರ ದಶಕದ ಕೊನೆಯ ಒಮೆಗಾ ಸ್ಪೀಡ್‌ಮಾಸ್ಟರ್ ಕ್ರೋನೋಗ್ರಾಫ್ ಒಂದು ಮಾರಾಟಕ್ಕಿದೆ ಎನ್ನಿ. ಡಯಲಿನ ಗಂಟೆಗೀಟುಗಳಿಗೆ ಬಳಿದ ಹೊಳೆಯುವ ಬಣ್ಣ ಜೋನಿಬೆಲ್ಲದಂತೆ ಕಂದಾಗಿದೆ. ಮುಳ್ಳುಗಳಲ್ಲಿ ತುಂಬಿದ ಅದೇ ಬಣ್ಣ ಮಾತ್ರ ಬೆಳ್ಳಗೇ ಇದೆ. ಇದನ್ನು ಕಂಡ ಕೂಡಲೇ ಮೋಸ ಎಂದು ಕೈಬಿಡುವವರು ಅನೇಕರು. ಅದು ಆತುರದ ತೀರ್ಮಾನ.

ಡಯಲಿನ ಬುಡದಲ್ಲಿ, ಆರರ ಕೆಳಗೆ, ‘ಸ್ವಿಸ್ ಮೇಡ್’ ಪದಗಳ ಅಕ್ಕಪಕ್ಕ ಪುಟ್ಟದೊಂದು ‘ಟಿ’ ಅಕ್ಷರ ಇರುತ್ತದೆ. ಅದು ಟ್ರಿಟಿಯಂನ ಗುರುತು. ಟ್ರಿಟಿಯಂ ಹೊಮ್ಮಿಸುವ ಎಲೆಕ್ಟ್ರಾನುಗಳು ಸತುವಿನ ಸಲ್ಫೈಡ್ ಹರಳುಗಳಿಗೆ ಬಡಿದಾಗ ಬೆಳಕು ಬರುತ್ತದೆ. ಟ್ರಿಟಿಯಂನ ಅರ್ಧಾಯುಷ್ಯ ಸುಮಾರು 12.3 ವರ್ಷ. ಹಾಗಾಗಿ 50 ವರ್ಷ ಕಳೆಯುವಾಗ ಅದರಲ್ಲಿ ಉಳಿಯುವುದು ಹದಿನಾರನೇ ಒಂದು ಪಾಲಿನಷ್ಟೇ. ಬೆಳಕು ಕುಂದುತ್ತ ಹೋದಂತೆ ಬಣ್ಣವೂ ಹಳದಿ, ಕಂದು ಆಗುತ್ತ ಬರುತ್ತದೆ.

ಆದರೆ ಎಲ್ಲ ಕಡೆ ಒಂದೇ ಸಮನಾಗಿ ಏಕೆ ಮಾಗುವುದಿಲ್ಲ? ಸ್ವಿಟ್ಜರ್ಲೆಂಡಿನಲ್ಲಿ ಡಯಲ್ ಮಾಡುವ ಕಾರ್ಖಾನೆ ಒಂದಾದರೆ, ಮುಳ್ಳು ಮಾಡುವುದು ಬಹುಮಟ್ಟಿಗೆ ಇನ್ನೊಂದು. ಹರಳುಪುಡಿಗೆ ಬೆರೆಸಿದ ಅಂಟು ಬೇರೆ, ಬಳಿದ ದಪ್ಪ ಬೇರೆ. ಡಯಲಿನ ಬಣ್ಣಕ್ಕೆ ತಳದ ಆಸರೆ ಇದೆ. ಮುಳ್ಳಿನ ಬಣ್ಣವಾದರೋ ಸೀಳಿನ ನಡುವೆ ತೆಳ್ಳಗೆ ನಿಂತಿರುತ್ತದೆ, ಹಿಂದೆ ಮುಂದೆ ಎರಡೂ ಕಡೆ ಗಾಳಿಗೆ ಒಡ್ಡಿಕೊಂಡು. ತೇವ ಒಳಹೊಕ್ಕರೆ ಅದು ಕಪ್ಪಿಡುವುದೂ ಉಂಟು.

ಇನ್ನೊಂದು ಕಾರಣ ಸರ್ವಿಸ್. ಇವು ದಿನನಿತ್ಯದ ಬಳಕೆಯ ಗಡಿಯಾರಗಳಾಗಿದ್ದ ಕಾಲದಲ್ಲಿ ಮಾಸಿದ ಮುಳ್ಳು ತೆಗೆದು ಹೊಸದು ಹಾಕಿಕೊಡುವುದು ಒಳ್ಳೆಯ ಕೆಲಸಗಾರನ ಲಕ್ಷಣವಾಗಿತ್ತು. ಅದರಲ್ಲಿ ವಂಚನೆ ಏನೂ ಇರಲಿಲ್ಲ.

ಬರಿಗಣ್ಣಿಗೆ ಕಾಣುವ ಬಣ್ಣಕ್ಕಿಂತ ಕತ್ತಲಿನ ಸಾಕ್ಷ್ಯ ಹೆಚ್ಚು ನಂಬಿಕೆಗೆ ಅರ್ಹ. ನೇರಳಾತೀತ ಟಾರ್ಚನ್ನು ಒಂದೆರಡು ಕ್ಷಣ ಹಾಯಿಸಿ ಆರಿಸಿ. ಹಳೆಯ ಟ್ರಿಟಿಯಂ ಬಣ್ಣ ಮಿನುಗಿ ಬೇಗನೆ ನಂದುತ್ತದೆ. ಮುಳ್ಳುಗಳು ಬಹಳ ಹೊತ್ತು ಹಸಿರಾಗಿ ಹೊಳೆಯುತ್ತಲೇ ಇದ್ದರೆ ಅಲ್ಲಿರುವುದು ಸ್ಟ್ರಾನ್ಷಿಯಂ ಅಲ್ಯುಮಿನೇಟ್, ಅಂದರೆ ಲ್ಯೂಮಿನೋವಾ ಜಾತಿಯ ಬಣ್ಣ. ಅದು ಬಳಕೆಗೆ ಬಂದದ್ದೇ 1990ರ ದಶಕದಲ್ಲಿ. ಡಯಲ್, ಮುಳ್ಳು ಎರಡೂ ಒಟ್ಟಿಗೆ ನಂದಿದರೆ ಬಣ್ಣದ ವ್ಯತ್ಯಾಸ ಸಹಜವಾಗಿ ಬಂದಿರಬಹುದು. 1980ರ ಸುಮಾರಿಗೆ ಹಾಕಿದ ಬದಲಿ ಮುಳ್ಳೂ ಟ್ರಿಟಿಯಂನದೇ ಆಗಿರುತ್ತದಾದ್ದರಿಂದ ಈ ಪರೀಕ್ಷೆಯೊಂದನ್ನೇ ನಂಬಿ ಕೂರಬಾರದು. ಮುಳ್ಳಿನ ಆಕಾರವನ್ನು ಆ ವರ್ಷದ ಮಾದರಿಯೊಂದಿಗೆ ಹೋಲಿಸಲೇಬೇಕು.

ಮಾರುವವರು ಮುಳ್ಳು ಬದಲಾಗಿದೆ ಎಂದು ಮೊದಲೇ ಹೇಳಿ, ಬೆಲೆಯಲ್ಲೂ ಅದನ್ನು ತೋರಿಸಿದರೆ ಕೊಳ್ಳಲು ಅಡ್ಡಿಯಿಲ್ಲ. ಆದರೆ ಎರಡನ್ನೂ ಹೊಂದಿಸಲೆಂದು ಡಯಲಿನ ಹಳೆಯ ಬಣ್ಣ ಕೆರೆಸಿ ಹೊಸದನ್ನು ಬಳಿಸಲು ಹೋಗಬೇಡಿ. ಮುಳ್ಳನ್ನು ಮತ್ತೆ ಹುಡುಕಿ ತರಬಹುದು, ಕೆರೆದ ಡಯಲನ್ನು ಮೊದಲಿನಂತೆ ಮಾಡಲು ಬರುವುದಿಲ್ಲ.