ಅಮೂಲ್ಯವಾದ ಆ ಮೂರು ಗಂಟೆಗಳು

ರಸ್ತೆ ಅಪಘಾತವಾಗಲಿ, ಹೆರಿಗೆಯಾಗಲಿ, ಮಿತಿಮೀರಿದ ರಕ್ತಸ್ರಾವ ಕೆಲವೇ ಗಂಟೆಗಳಲ್ಲಿ ಜೀವ ತೆಗೆಯಬಲ್ಲದು. ಇದನ್ನು ತಡೆಯಲು ನೆರವಾಗುವ ಅಗ್ಗದ ಔಷಧವೊಂದಿದೆ. ಅದರ ಹೆಸರು ಟ್ರಾನೆಕ್ಸಾಮಿಕ್ ಆಸಿಡ್. ಅದರ ಹಿಂದೆ ಓರ್ವ ತಾಯಿಯ ಪರಿಶ್ರಮವೂ ಇದೆ.

ಜಪಾನಿನ ವೈದ್ಯವಿಜ್ಞಾನಿ ಉಟಾಕೊ ಒಕಾಮೊಟೊ (1918-2016) ತಮ್ಮ ಪತಿ ಶೊಸುಕೆ ಅವರೊಂದಿಗೆ 1960ರ ದಶಕದ ಆರಂಭದಲ್ಲಿ ಈ ಔಷಧವನ್ನು ಕಂಡುಹಿಡಿದರು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಪ್ರಯೋಗಾಲಯದಲ್ಲಿ ದುಡಿದ ಮಹಿಳೆ ಆಕೆ. ಬಾಣಂತಿಯರ ಜೀವ ಉಳಿಸಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ ಅದನ್ನು ಹೆರಿಗೆಯಲ್ಲಿ ಪರೀಕ್ಷಿಸಲು ಅಂದು ವೈದ್ಯರು ಮುಂದೆ ಬರಲಿಲ್ಲ.

ಗಾಯವಾದಾಗ ರಕ್ತ ಹೆಪ್ಪುಗಟ್ಟಿ ಸ್ರಾವ ನಿಲ್ಲುವಂತೆ ಅಲ್ಲಾಹನು ನಮ್ಮ ದೇಹದಲ್ಲೇ ವ್ಯವಸ್ಥೆ ಮಾಡಿದ್ದಾನೆ. ಆದರೆ ತೀವ್ರ ಗಾಯಗಳಾದಾಗ ಆ ಹೆಪ್ಪು ಬೇಗನೆ ಕರಗತೊಡಗುತ್ತದೆ. ಹಾಗೆ ಕರಗದಂತೆ ಈ ಔಷಧ ತಡೆಯುತ್ತದೆ.

ಇದರ ಪರಿಣಾಮವನ್ನು ಅರಿಯಲು ಲಂಡನ್ನಿನ ಸಂಶೋಧಕರು ಭಾರತ ಸೇರಿದಂತೆ 40 ದೇಶಗಳ 274 ಆಸ್ಪತ್ರೆಗಳಲ್ಲಿ 20,211 ಗಾಯಾಳುಗಳ ಅಧ್ಯಯನ ನಡೆಸಿದರು. ಅರ್ಧದಷ್ಟು ಮಂದಿಗೆ ಔಷಧ, ಉಳಿದವರಿಗೆ ನೋಡಲು ಅದರಂತೆಯೇ ಇರುವ ಉಪ್ಪುನೀರಿನ ದ್ರಾವಣ ನೀಡಲಾಯಿತು. ಯಾರಿಗೆ ಯಾವುದು ಎಂಬುದು ವೈದ್ಯರಿಗೂ ತಿಳಿದಿರಲಿಲ್ಲ. 2010ರಲ್ಲಿ ಫಲಿತಾಂಶ ಹೊರಬಂತು. ಔಷಧ ಪಡೆದವರಲ್ಲಿ ಸಾವು ಶೇ. 16ರಿಂದ 14.5ಕ್ಕೆ ಇಳಿದಿತ್ತು.

ಉಟಾಕೊ ಅವರ ಹಂಬಲಕ್ಕೆ ಉತ್ತರ ದೊರೆತದ್ದು 2017ರಲ್ಲಿ, ಅವರು ತೀರಿಕೊಂಡ ಮರುವರ್ಷ. ಹಲೀಮಾ ಶಕೂರ್ ಮತ್ತು ಸಂಗಡಿಗರು 21 ದೇಶಗಳಲ್ಲಿ, ಹೆರಿಗೆಯ ನಂತರ ತೀವ್ರ ರಕ್ತಸ್ರಾವಕ್ಕೊಳಗಾದ 20,060 ಮಹಿಳೆಯರ ಅಧ್ಯಯನವನ್ನು ಪ್ರಕಟಿಸಿದರು. ಮೂರು ಗಂಟೆಯೊಳಗೆ ಚಿಕಿತ್ಸೆ ದೊರೆತವರ ಪೈಕಿ, ಔಷಧ ಸಿಗದವರಲ್ಲಿ ಸಾವಿರಕ್ಕೆ 17 ಮಂದಿ ರಕ್ತಸ್ರಾವದಿಂದ ಮೃತಪಟ್ಟರೆ, ಸಿಕ್ಕವರಲ್ಲಿ 12 ಮಂದಿ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು ಮೂರು ಗಂಟೆಯೊಳಗೆ ಈ ಔಷಧ ನೀಡಬೇಕೆಂದು ಶಿಫಾರಸು ಮಾಡಿತು.

ಮೂರು ಗಂಟೆ ಎಂಬುದನ್ನು ಮರೆಯದಿರಿ. ತಡವಾದಷ್ಟೂ ಪ್ರಯೋಜನ ಕುಗ್ಗುತ್ತದೆ. ಪ್ರತಿ 15 ನಿಮಿಷದ ವಿಳಂಬಕ್ಕೆ ಅದು ಶೇ. 10ರಷ್ಟು ಕಡಿಮೆಯಾಗುತ್ತದೆಂದು 2018ರಲ್ಲಿ ತಿಳಿದುಬಂತು. ಗಾಯವಾಗಿ ಮೂರು ಗಂಟೆ ಕಳೆದ ಮೇಲೆ ಔಷಧ ಕೊಟ್ಟರೆ ಹಾನಿಯೇ ಆಗಬಹುದು.

ಹಾಗಿರುವಾಗ ಹಿರಿಯರು ಬರಲಿ, ಗಂಡನಿಗೆ ಫೋನ್ ಸಿಗಲಿ, ಬೆಳಗಾಗಲಿ ಎಂದು ಕಾಯುವುದು ಸರಿಯೇ? ಬಾಣಂತಿಯ ಬಟ್ಟೆ ಮತ್ತೆ ಮತ್ತೆ ನೆನೆಯುತ್ತಿದ್ದರೆ, ದೊಡ್ಡ ಗಡ್ಡೆಗಳು ಹೋಗುತ್ತಿದ್ದರೆ, ತಲೆಸುತ್ತು ಬಂದು ಮೈ ತಣ್ಣಗಾದರೆ ಕೂಡಲೇ 108ಕ್ಕೆ ಕರೆ ಮಾಡಿ. ಗಾಯದಿಂದ ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ. ಸ್ರಾವ ಆರಂಭವಾದ ಸಮಯವನ್ನು ವೈದ್ಯರಿಗೆ ತಿಳಿಸಿ. ಇಂಥ ತುರ್ತಿನಲ್ಲಿ ಈ ಔಷಧವನ್ನು ರಕ್ತನಾಳದ ಮೂಲಕ ಆಸ್ಪತ್ರೆಯಲ್ಲಿಯೇ ಕೊಡಬೇಕು. ಮನೆಯಲ್ಲಿ ಮಾತ್ರೆ ನುಂಗಿಸಿ ಕಾಯುವಂತಿಲ್ಲ.

ಹೆರಿಗೆಯ ದಿನ ಹತ್ತಿರವಾಗುವ ಮೊದಲೇ ವಾಹನ, ಆಸ್ಪತ್ರೆ, ರಕ್ತದಾನಿಗಳ ಬಗ್ಗೆ ಮನೆಮಂದಿ ಕುಳಿತು ಮಾತನಾಡಲಿ. ಕೈಲಾದ ಪ್ರಯತ್ನ ಮಾಡಿ ಫಲವನ್ನು ಅಲ್ಲಾಹನಿಗೆ ಒಪ್ಪಿಸುವುದೇ ತವಕ್ಕುಲ್. ಪ್ರಯತ್ನವನ್ನೇ ಮಾಡದೆ ಕಾಯುತ್ತಾ ಕುಳಿತುಕೊಳ್ಳುವುದು ತವಕ್ಕುಲ್ ಅಲ್ಲ.