ಪೆಡಲಿನ ಮೇಲೆ ಎರಡು ಬೆರಳು

ಉಜಿರೆ ದಾಟಿ ಚಾರ್ಮಾಡಿ ಕಡೆಗೆ ಹೊರಟರೆ, ಘಾಟಿ ಶುರುವಾಗುವ ಮೊದಲು ರಸ್ತೆ ಬದಿಯಲ್ಲಿ ಶೀಟ್ ಹೊದಿಸಿದ ಸಣ್ಣ ಗ್ಯಾರೇಜುಗಳು ಸಿಗುತ್ತವೆ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಮಾರುತಿ 800 ಅಂಥದೊಂದರ ಮುಂದೆ ನಿಂತಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಅಬ್ಬರಿಸುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಒಳಗೆಲ್ಲ ಸುಟ್ಟ ವಾಸನೆ. ಪ್ಲೇಟ್ ಮುಗಿದಿದೆ, ಗೇರ್‌ಬಾಕ್ಸ್ ಇಳಿಸಲೇಬೇಕು ಅಂದುಕೊಂಡೇ ಇಳಿದೆ.

ಮೇಸ್ತ್ರಿ ಬಾನೆಟ್ ಎತ್ತಲಿಲ್ಲ. ಬಾಗಿಲು ತೆಗೆದು, ನೆಲಕ್ಕೆ ಮೊಣಕಾಲೂರಿ, ಕ್ಲಚ್ ಪೆಡಲನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು. “ಪ್ಲೇ ಇಲ್ಲವಲ್ಲ ಸರ್. ಕೇಬಲ್ ಯಾರು ಬಿಗಿ ಮಾಡಿದ್ದು?” ಹದಿನೈದು ದಿನದ ಹಿಂದೆ ರಿವರ್ಸ್ ಗೇರ್ ಬೀಳುತ್ತಿಲ್ಲವೆಂದು ಬೇರೆಡೆ ಬಿಗಿ ಮಾಡಿಸಿದ್ದೆ. “ಮೊದಲು ತಣಿಯಲಿ” ಎಂದು ಅರ್ಧ ಗಂಟೆ ಕೂರಿಸಿದರು. ಆಮೇಲೆ ಗೇರ್‌ಬಾಕ್ಸಿನ ಪಕ್ಕ ಕೇಬಲ್ ತುದಿಯಲ್ಲಿದ್ದ ನಟ್ಟನ್ನು ಸ್ಪ್ಯಾನರಿನಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಪ್ರತಿ ಸಲವೂ ಬಂದು ಪೆಡಲ್ ಮುಟ್ಟಿ ನೋಡಿದರು. “ಪ್ಲೇಟಿಗೆ ಇನ್ನೂ ಜೀವ ಉಂಟು, ನಿಧಾನ ಹೋಗಿ” ಎಂದರು. ಕೊಟ್ಟಿಗೆಹಾರದವರೆಗೆ ಗಾಡಿ ತಕರಾರಿಲ್ಲದೆ ಹತ್ತಿತು.

ಆ ಎರಡು ಬೆರಳಿನ ವಿದ್ಯೆ ಅರ್ಥವಾಗಬೇಕಾದರೆ ಒಳಗೆ ಏನಾಗುತ್ತದೆಂದು ತಿಳಿಯಬೇಕು. ಎಂಜಿನ್ ಜೊತೆ ಸದಾ ತಿರುಗುವ ಫ್ಲೈವೀಲ್ ಒಂದು ಕಡೆ, ಅದಕ್ಕೇ ಬಿಗಿದಿರುವ ಪ್ರೆಷರ್ ಪ್ಲೇಟ್ ಇನ್ನೊಂದು ಕಡೆ. ನಡುವೆ ಸಿಕ್ಕಿಕೊಂಡಿರುವುದೇ ಕ್ಲಚ್ ಪ್ಲೇಟ್. ತಟ್ಟೆಯಾಕಾರದ ಸ್ಪ್ರಿಂಗು ಮೂರನ್ನೂ ಅದುಮಿ ಹಿಡಿದಿರುತ್ತದೆ. ನಾವು ಪೆಡಲ್ ಒತ್ತಿದಾಗ ಕೇಬಲ್ ಎಳೆದು, ರಿಲೀಸ್ ಬೇರಿಂಗ್ ಹೋಗಿ ಆ ಸ್ಪ್ರಿಂಗಿನ ಬೆರಳುಗಳನ್ನು ಒತ್ತುತ್ತದೆ. ಹಿಡಿತ ಬಿಡುತ್ತದೆ, ಗೇರ್ ಬೀಳುತ್ತದೆ. ಕಾಲು ತೆಗೆದಾಗ ಬೇರಿಂಗಿಗೂ ಸ್ಪ್ರಿಂಗಿಗೂ ನಡುವೆ ಕೂದಲೆಳೆಯಷ್ಟು ಜಾಗ ಉಳಿಯಬೇಕು. ಪೆಡಲಿನಲ್ಲಿ ಸಲೀಸಾಗಿ ಆಡುವ ಮೊದಲ ಭಾಗ, ಅಂದರೆ ‘ಪ್ಲೇ’, ಬಹುಮಟ್ಟಿಗೆ ಅದೇ ಜಾಗ.

ಬಹಳ ಜನ ಎಡವುವುದು ಇಲ್ಲಿಯೇ. ಕೇಬಲ್ ಹಿಗ್ಗಿದರೆ ಪ್ಲೇ ಹೆಚ್ಚುತ್ತದೆ. ಪೆಡಲ್ ನೆಲ ಮುಟ್ಟಿದರೂ ಪ್ಲೇಟ್ ಪೂರ್ತಿ ಬಿಡುವುದಿಲ್ಲ. ರಿವರ್ಸ್ ಹಾಕುವಾಗ ಕರಕರ ಸದ್ದು. ಆದರೆ ಪ್ಲೇಟಿನ ಲೈನಿಂಗ್ ಸವೆದರೆ ಪ್ಲೇ ಕಡಿಮೆಯಾಗುತ್ತದೆ. ಪ್ಲೇಟ್ ತೆಳುವಾದಂತೆ ಪ್ರೆಷರ್ ಪ್ಲೇಟ್ ಫ್ಲೈವೀಲಿನತ್ತ ಸರಿಯುತ್ತದೆ, ಸ್ಪ್ರಿಂಗಿನ ಬೆರಳುಗಳು ಬೇರಿಂಗಿನ ಕಡೆಗೆ ಚಾಚಿಕೊಳ್ಳುತ್ತವೆ. ಒಂದು ದಿನ ಜಾಗವೇ ಉಳಿಯುವುದಿಲ್ಲ. ಆಗ ಡ್ರೈವರ್ ಕಾಲಿಡದಿದ್ದರೂ ಕ್ಲಚ್ ಅರೆ ಒತ್ತಿದ ಸ್ಥಿತಿಯಲ್ಲೇ ಇರುತ್ತದೆ, ಪ್ಲೇಟ್ ಜಾರುತ್ತದೆ, ಏರಿನಲ್ಲಿ ಬೇಯುತ್ತದೆ. ಕೈ ಮೀರಿ ಬಿಗಿದ ಕೇಬಲ್ ಮಾಡುವುದೂ ಇದನ್ನೇ. ಎರಡು ಕಾಯಿಲೆ, ಎರಡಕ್ಕೂ ತದ್ವಿರುದ್ಧ ಮದ್ದು. ಪೆಡಲ್ ಮುಟ್ಟಿ ನೋಡದೆ ನಟ್ ತಿರುಗಿಸುವವರನ್ನು ನಾನು ಕುಶಲಕರ್ಮಿ ಎನ್ನಲಾರೆ.

ಅಳೆಯುವುದು ಮನೆಯಲ್ಲೇ ಆಗುವ ಕೆಲಸ. ಪೆಡಲಿನ ಪಕ್ಕ ಸ್ಕೇಲ್ ನಿಲ್ಲಿಸಿ, ಕೈಬೆರಳಿನಿಂದ ಒತ್ತಿ. ಕಾಲಿಗೆ ಆ ಸೂಕ್ಷ್ಮ ತಿಳಿಯುವುದಿಲ್ಲ. ಹಗುರವಾಗಿ ಹೋಗಿ, ಭಾರ ತಾಗುವ ಜಾಗದಲ್ಲಿ ನಿಲ್ಲಿಸಿ. ಕೇಬಲ್ ಇರುವ ಸಣ್ಣ ಕಾರುಗಳಲ್ಲಿ ಇದು ಸಾಮಾನ್ಯವಾಗಿ 15ರಿಂದ 25 ಮಿ.ಮೀ. ನಿಮ್ಮ ಗಾಡಿಯ ಕೈಪಿಡಿ ಹೇಳುವ ಅಂಕಿಯೇ ಅಂತಿಮ. ನಟ್ ಸಡಿಲಿಸಿದರೂ ಪ್ಲೇ ಬರದಿದ್ದರೆ ಪ್ಲೇಟ್ ನಿಜಕ್ಕೂ ಮುಗಿದಿದೆ. ಆಗ ಗೇರ್‌ಬಾಕ್ಸ್ ಇಳಿಸಲು ಹಿಂಜರಿಯಬೇಡಿ. ಇಳಿಸಿದ ಮೇಲೆ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸುವುದೇ ಲೇಸು, ಏಕೆಂದರೆ ಖರ್ಚಿನ ದೊಡ್ಡ ಪಾಲು ಬಿಚ್ಚಿ ಕಟ್ಟುವ ಕೂಲಿ.

ಹೈಡ್ರಾಲಿಕ್ ಕ್ಲಚ್ ಇರುವ ಗಾಡಿಗಳಲ್ಲಿ ಸವೆತವನ್ನು ದ್ರವವೇ ಸರಿದೂಗಿಸುತ್ತದೆ, ಹಾಗಾಗಿ ಪದೇಪದೇ ಅಡ್ಜಸ್ಟ್ ಮಾಡಬೇಕಿಲ್ಲ. ಅಲ್ಲಿ ನೋಡಬೇಕಾದ್ದು ಎಣ್ಣೆ ಡಬ್ಬಿಯ ಮಟ್ಟ, ಸೋರಿಕೆ, ಗಾಳಿ ಸೇರಿ ಮೆತ್ತಗಾದ ಪೆಡಲ್.

ಈ ಕಸುಬಿನವರ ಆರೋಗ್ಯದ ಮಾತೊಂದಿದೆ. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಬಳಸುತ್ತಿದ್ದರು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಹಳ್ಳಿಯ ಗ್ಯಾರೇಜಿನವರೆಗೆ, ಆ ಧೂಳು ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ವಿಷ. ಕ್ಲಚ್ ಬಿಚ್ಚಿದಾಗ ಏರ್ ಹೊಡೆದು ಧೂಳು ಹಾರಿಸುವ ಅಭ್ಯಾಸ ಕೂಡಲೇ ನಿಲ್ಲಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

1983ರಲ್ಲಿ ಬಂದ ಮಾರುತಿ 800 ತಯಾರಿಕೆ 2014ಕ್ಕೆ ನಿಂತಿತು. ಆದರೂ ಕೇಬಲ್ ಕ್ಲಚ್ ಇರುವ ಸಣ್ಣ ಕಾರುಗಳು ನಮ್ಮ ರಸ್ತೆಗಳಲ್ಲಿ ಇನ್ನೂ ಓಡುತ್ತಿವೆ. ಅಂಥ ಗಾಡಿ ನಿಮ್ಮದಾಗಿದ್ದರೆ, ಏರಿನಲ್ಲಿ ನಿಲ್ಲುವಾಗ ಹಾಫ್ ಕ್ಲಚ್ ಬಿಟ್ಟು ಹ್ಯಾಂಡ್‌ಬ್ರೇಕ್ ಹಾಕಿ, ಓಡಿಸುವಾಗ ಎಡಗಾಲನ್ನು ಪೆಡಲಿನಿಂದ ಕೆಳಗಿಡಿ. ಮುಂದಿನ ಸರ್ವಿಸಿಗೆ ಹೋದಾಗ ಪ್ಲೇ ಎಷ್ಟಿದೆಯೆಂದು ನಿಮ್ಮೆದುರೇ ಅಳೆಸಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.